ಬೆಳಕು ಸೂಸುವ ಹರಳುಗಳು: ಲೋಹ-ಸಾವಯವ ಪಾಲಿಮರ್‌ಗಳ ತಯಾರಿ ಮತ್ತು ರಚನೆ

ಲೋಹದ ಅಯಾನೊಂದನ್ನು ಸುತ್ತಲಿನ ಅಣುಗಳು ತಮ್ಮ ಎಲೆಕ್ಟ್ರಾನ್ ಜೋಡಿಗಳನ್ನು ನೀಡಿ ಹಿಡಿದುಕೊಂಡಾಗ ಉಂಟಾಗುವುದು ಕೋಆರ್ಡಿನೇಶನ್ ಸಂಯುಕ್ತ. ಹೀಗೆ ಹಿಡಿಯುವ ಅಣುವಿಗೆ ಲೈಗ್ಯಾಂಡ್ ಎಂದು ಹೆಸರು. ಲೈಗ್ಯಾಂಡ್ ಒಂದೇ ಲೋಹಕ್ಕೆ ಅಂಟಿಕೊಂಡರೆ ಸಂಯುಕ್ತ ಅಲ್ಲಿಗೇ ಮುಗಿಯುತ್ತದೆ. ಅದು ತನ್ನ ಇನ್ನೊಂದು ತುದಿಯಿಂದ ಮತ್ತೊಂದು ಲೋಹವನ್ನೂ ಹಿಡಿದು, ಆ ಲೋಹ ಮುಂದಿನ ಲೈಗ್ಯಾಂಡನ್ನು ಹಿಡಿದರೆ ಜೋಡಣೆ ಹರಳಿನ ಅಂಚಿನವರೆಗೂ ಸಾಗುತ್ತದೆ. ಇದೇ ಕೋಆರ್ಡಿನೇಶನ್ ಪಾಲಿಮರ್. ಇವುಗಳಲ್ಲಿ ಕೆಲವು, ನೇರಳಾತೀತ ಕಿರಣ ಬಿದ್ದೊಡನೆ ಕೆಂಪು, ಹಸಿರು, ನೀಲಿ ಬೆಳಕನ್ನು ಸೂಸುತ್ತವೆ. ಯಾವ ಬಣ್ಣ, ಎಷ್ಟು ಪ್ರಖರ, ಎಷ್ಟು ಹೊತ್ತು ಎಂಬುದೆಲ್ಲ ಹರಳಿನೊಳಗೆ ಯಾವ ಪರಮಾಣುವಿನ ಪಕ್ಕದಲ್ಲಿ ಯಾವುದಿದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಈ ವಸ್ತುಗಳ ತಯಾರಿ, ರಚನೆ, ಬೆಳಕು ಮೂರನ್ನೂ ಜೊತೆಯಾಗಿಯೇ ತಿಳಿಯಬೇಕು.

ಮೈಲುತುತ್ತು ಮತ್ತು ಎಲೆಯ ಹಸಿರು

ಕೋಆರ್ಡಿನೇಶನ್ ಪಾಲಿಮರ್ ಎಂಬುದು ಪ್ರಯೋಗಾಲಯದಲ್ಲಿ ಮಾತ್ರ ಸಿಗುವ ವಸ್ತುವಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳ ತಂಬಾಕು ಬೆಳೆಗಾರರು ಸಸಿಮಡಿಗಳಲ್ಲಿ ಕೊಳೆರೋಗ ತಡೆಯಲು ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಅದಕ್ಕೆ ಬೇಕಾದವು ಸುಣ್ಣ ಮತ್ತು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಮೈಲುತುತ್ತಿನ ನೀಲಿ ಹರಳಿನಲ್ಲಿ ಪ್ರತಿ ತಾಮ್ರದ ಅಯಾನಿನ ಸುತ್ತ ನಾಲ್ಕು ನೀರಿನ ಅಣುಗಳು ಚೌಕವಾಗಿ ಕುಳಿತಿವೆ. ಚೌಕದ ಮೇಲೊಂದು, ಕೆಳಗೊಂದು ಸಲ್ಫೇಟಿನ ಆಮ್ಲಜನಕ. ಒಂದೊಂದು ಸಲ್ಫೇಟೂ ಅಕ್ಕಪಕ್ಕದ ಎರಡು ತಾಮ್ರಗಳಿಗೆ ಸೇತುವೆಯಾಗಿರುವುದರಿಂದ ತಾಮ್ರ, ಸಲ್ಫೇಟ್, ತಾಮ್ರ, ಸಲ್ಫೇಟ್ ಎಂಬ ಉದ್ದನೆಯ ಸರಪಳಿ ಆಗುತ್ತದೆ. ಐದನೆಯ ನೀರಿನ ಅಣು ತಾಮ್ರಕ್ಕೆ ಅಂಟದೆ, ಸರಪಳಿಗಳ ನಡುವೆ ಹೈಡ್ರೋಜನ್ ಬಂಧದಿಂದ ನಿಂತಿರುತ್ತದೆ. ಈ ರಚನೆಯನ್ನು ಬೀವರ್ಸ್ ಮತ್ತು ಲಿಪ್ಸನ್ 1934ರಲ್ಲಿ ಕ್ಷ-ಕಿರಣಗಳಿಂದ ಬಿಡಿಸಿದರು. ಹರಳನ್ನು ಬಾಣಲೆಯಲ್ಲಿ ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಉಳಿಯುತ್ತದೆ. ಎರಡು ಹನಿ ನೀರು ಬಿದ್ದರೆ ನೀಲಿ ಮರಳುತ್ತದೆ. ಲೋಹ ಅದೇ ಇದ್ದರೂ ಅದರ ನೆರೆ ಬದಲಾದರೆ ಬಣ್ಣ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಬೇಕಿಲ್ಲ.

ಮೈಲುತುತ್ತಿನಲ್ಲಿ ಪಾಲಿಮರ್ ಇದೆ, ಬೆಳಕಿಲ್ಲ. ಎಲೆಯ ಹಸಿರಿನಲ್ಲಿ ಬೆಳಕಿದೆ, ಪಾಲಿಮರ್ ಇಲ್ಲ. ನಾಗರಹೊಳೆಯ ಕಾಡಿನ ತೇಗವಿರಲಿ, ಕೆ.ಆರ್. ನಗರದ ಗದ್ದೆಯ ಭತ್ತವಿರಲಿ, ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್ ಒಂದು ಕೋಆರ್ಡಿನೇಶನ್ ಸಂಯುಕ್ತ. ಅದರ ನಡುವೆ ಮ್ಯಾಗ್ನೀಸಿಯಂ. ಸುತ್ತ ಒಂದು ದೊಡ್ಡ ಸಾವಯವ ಉಂಗುರದ ನಾಲ್ಕು ಸಾರಜನಕಗಳು. ಎಲೆಯನ್ನು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿದ ಹಸಿರು ದ್ರಾವಣದ ಮೇಲೆ, ಕತ್ತಲೆ ಕೋಣೆಯಲ್ಲಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಿಡಿದರೆ ಅದು ರಕ್ತಗೆಂಪಾಗಿ ಹೊಳೆಯುತ್ತದೆ. ಎಲೆಯಲ್ಲಿರುವಾಗ ಈ ಶಕ್ತಿಯ ಬಹುಪಾಲು ಆಹಾರ ತಯಾರಿಕೆಗೆ ಮತ್ತು ಶಾಖಕ್ಕೆ ಹೋಗುವುದರಿಂದ ಹೊಳಪು ಕಾಣುವುದಿಲ್ಲ. ಕೆಂಪು ಬೆಳಕು ಹುಟ್ಟುವುದು ಉಂಗುರದ ಎಲೆಕ್ಟ್ರಾನ್‌ಗಳಿಂದ, ಮ್ಯಾಗ್ನೀಸಿಯಂನಿಂದಲ್ಲ. ಆದರೂ ಮ್ಯಾಗ್ನೀಸಿಯಂ ಇದ್ದ ಜಾಗಕ್ಕೆ ತಾಮ್ರವನ್ನು ತಂದರೆ ಹಸಿರು ಉಳಿದು ಹೊಳಪು ಆರಿಹೋಗುತ್ತದೆ. ತಾಮ್ರದ ಅಯಾನಿನಲ್ಲಿ ಎಲೆಕ್ಟ್ರಾನ್ ಕವಚ ಪೂರ್ತಿ ತುಂಬಿಲ್ಲ. ಅದು ಉಂಗುರದ ಶಕ್ತಿಯನ್ನು ಸೆಳೆದುಕೊಂಡು ಶಾಖವಾಗಿಸುತ್ತದೆ. ಮ್ಯಾಗ್ನೀಸಿಯಂನಲ್ಲಿ ಅಂಥ ಖಾಲಿ ಜಾಗವಿಲ್ಲ. ಕವಚ ತುಂಬದ ಲೋಹ ಬೆಳಕನ್ನು ಆರಿಸಬಲ್ಲದು: ಬೆಳಕು ಸೂಸುವ ಪಾಲಿಮರ್ ಕಟ್ಟುವವರು ಮೊದಲು ನೆನಪಿಡುವ ನಿಯಮ ಇದೇ.

ಹೆಸರು ಬಂದ ದಾರಿ

ಕೋಆರ್ಡಿನೇಶನ್ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಆಲ್‌ಫ್ರೆಡ್ ವರ್ನರ್. ಅವರ ಸಿದ್ಧಾಂತ ಪ್ರಕಟವಾದದ್ದು 1893ರಲ್ಲಿ. ನೊಬೆಲ್ ಪ್ರಶಸ್ತಿ ಬಂದದ್ದು 1913ರಲ್ಲಿ. ಅದಕ್ಕೂ ಬಹಳ ಹಿಂದೆ, 18ನೇ ಶತಮಾನದ ಆರಂಭದಲ್ಲಿ, ಬರ್ಲಿನ್ನಿನ ಬಣ್ಣ ತಯಾರಕರು ಪ್ರಷ್ಯನ್ ನೀಲಿಯನ್ನು ತಯಾರಿಸಿದ್ದರು. ಅದು ಕಬ್ಬಿಣ ಮತ್ತು ಸಯನೈಡುಗಳ ಮೂರು ಆಯಾಮದ ಜಾಲ ಎಂಬುದು ಗೊತ್ತಾಗಲು 20ನೇ ಶತಮಾನ ಬರಬೇಕಾಯಿತು. ಮೆಲ್ಬರ್ನ್‌ನ ರಿಚರ್ಡ್ ರಾಬ್ಸನ್ 1989ರಲ್ಲಿ ಬೇಕೆಂದ ಆಕಾರದ ಜಾಲವನ್ನು ಮೊದಲೇ ಯೋಚಿಸಿ ಕಟ್ಟಬಹುದೆಂದು ತೋರಿಸಿದರು. ಕ್ಯೋಟೋದ ಸುಸುಮು ಕಿಟಗಾವ ಇಂಥ ಜಾಲಗಳ ರಂಧ್ರಗಳಲ್ಲಿ ಅನಿಲ ಹೋಗಿ ಬರಬಲ್ಲದೆಂದು 1997ರಲ್ಲಿ ತೋರಿಸಿದರು. ಒಮರ್ ಯಾಘಿ ಅವುಗಳಿಗೆ ಲೋಹ-ಸಾವಯವ ಚೌಕಟ್ಟು, ಚುಟುಕಾಗಿ ಎಂಒಎಫ್, ಎಂಬ ಹೆಸರನ್ನು ಬಳಕೆಗೆ ತಂದು, 1999ರಲ್ಲಿ ಎಂಒಎಫ್-5 ಎಂಬ ಗಟ್ಟಿಮುಟ್ಟಾದ ಚೌಕಟ್ಟನ್ನು ಪ್ರಕಟಿಸಿದರು. 2025ರ ರಸಾಯನಶಾಸ್ತ್ರದ ನೊಬೆಲ್ ಈ ಮೂವರಿಗೂ ಸಂದಿತು. ರಂಧ್ರಗಳಿರುವ ಕೋಆರ್ಡಿನೇಶನ್ ಪಾಲಿಮರ್‌ಗಳನ್ನು ಎಂಒಎಫ್ ಎನ್ನುವುದು ರೂಢಿ.

ಬೆಳಕು ಹುಟ್ಟುವ ಮೂರು ದಾರಿಗಳು

ಮೊದಲನೆಯ ದಾರಿಯಲ್ಲಿ ಬೆಳಕು ಲೈಗ್ಯಾಂಡಿನದು. ಬೆನ್ಸೀನ್ ಉಂಗುರಗಳಿರುವ ಅಣು ನೇರಳಾತೀತ ಕಿರಣವನ್ನು ಹೀರಿ ಎತ್ತರದ ಶಕ್ತಿಮಟ್ಟಕ್ಕೇರುತ್ತದೆ. ಇಳಿಯುವಾಗ ಬೆಳಕನ್ನು ಬಿಡುತ್ತದೆ. ದ್ರಾವಣದಲ್ಲಿ ಅಣು ತಿರುಚಿ, ನಡುಗಿ, ಇತರ ಅಣುಗಳಿಗೆ ಡಿಕ್ಕಿ ಹೊಡೆದು ಆ ಶಕ್ತಿಯಲ್ಲಿ ಸಾಕಷ್ಟನ್ನು ಶಾಖವಾಗಿ ಕಳೆದುಕೊಳ್ಳುತ್ತದೆ. ಎರಡೂ ತುದಿಗಳಲ್ಲಿ ಲೋಹಕ್ಕೆ ಬಿಗಿದಾಗ ಅದರ ಚಲನೆ ಕುಗ್ಗಿ ಹೊಳಪು ಹೆಚ್ಚುತ್ತದೆ. ಇಲ್ಲಿ ಲೋಹದ ಕೆಲಸ ಬಿಗಿಯಾಗಿ ಹಿಡಿಯುವುದು ಮತ್ತು ಬೆಳಕನ್ನು ಕದಿಯದಿರುವುದು. ಸತು, ಕ್ಯಾಡ್ಮಿಯಂ, ಮ್ಯಾಗ್ನೀಸಿಯಂ ಅಯಾನುಗಳಲ್ಲಿ ಕವಚಗಳು ತುಂಬಿರುವುದರಿಂದ ಅವು ಈ ಕೆಲಸಕ್ಕೆ ತಕ್ಕವು.

ಎರಡನೆಯ ದಾರಿಯಲ್ಲಿ ಬೆಳಕು ಲೋಹದ್ದೇ. ಇದರ ಹಳೆಯ ಉದಾಹರಣೆ ಮಾಣಿಕ್ಯ. ಎಚ್.ಡಿ. ಕೋಟೆ ಸೀಮೆಯ ಸರಗೂರು ಶಿಲಾವಲಯದ ಕಲ್ಲುಗಳಲ್ಲಿ ಕುರಂದವೂ ಸಿಗುತ್ತದೆ. ಕುರಂದವೆಂದರೆ ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ತುಸು ಕ್ರೋಮಿಯಂ ಸೇರಿದರೆ ಮಾಣಿಕ್ಯದ ಕೆಂಪು ಬರುತ್ತದೆ, ಆ ಕ್ರೋಮಿಯಂ 694 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಸೂಸುತ್ತದೆ. 1960ರಲ್ಲಿ ಥಿಯೋಡೋರ್ ಮೈಮನ್ ತಯಾರಿಸಿದ ಮೊದಲ ಲೇಸರ್ ಬಳಸಿದ್ದು ಇದೇ ಬೆಳಕನ್ನು. ಲೋಹ-ಸಾವಯವ ಪಾಲಿಮರ್‌ಗಳಲ್ಲಿ ಈ ಪಾತ್ರವನ್ನು ಹೆಚ್ಚಾಗಿ ವಹಿಸುವವು ವಿರಳ ಭಸ್ಮ ಲೋಹಗಳಾದ ಯೂರೋಪಿಯಂ ಮತ್ತು ಟರ್ಬಿಯಂ. ಯೂರೋಪಿಯಂ ಸುಮಾರು 615 ನ್ಯಾನೋಮೀಟರ್‌ನಲ್ಲಿ ಕೆಂಪನ್ನೂ ಟರ್ಬಿಯಂ ಸುಮಾರು 545 ನ್ಯಾನೋಮೀಟರ್‌ನಲ್ಲಿ ಹಸಿರನ್ನೂ ಬಿಡುತ್ತದೆ. ಬೆಳಕು ಬಿಡುವ ಎಲೆಕ್ಟ್ರಾನ್‌ಗಳು ಹೊರಗಿನ ಕವಚಗಳ ಮರೆಯಲ್ಲಿರುವುದರಿಂದ ಲೈಗ್ಯಾಂಡ್ ಯಾವುದಿದ್ದರೂ ಈ ಬಣ್ಣಗಳು ಕದಲುವುದಿಲ್ಲ.

ಆದರೆ ಈ ಲೋಹಗಳಿಗೆ ಬೆಳಕನ್ನು ಹೀರುವ ಶಕ್ತಿ ತೀರಾ ಕಡಿಮೆ, ಸಾವಯವ ಅಣುಗಳಿಗಿಂತ ಸಾವಿರಾರು ಪಟ್ಟು ಕಡಿಮೆ. ಪರಿಹಾರ ಕಂಡದ್ದು 1942ರಲ್ಲಿ. ಯೂರೋಪಿಯಂಗೆ ಸಾವಯವ ಲೈಗ್ಯಾಂಡ್ ಅಂಟಿಸಿದರೆ ಲೈಗ್ಯಾಂಡ್ ಹೀರಿದ ಬೆಳಕು ಲೋಹಕ್ಕೆ ವರ್ಗವಾಗುತ್ತದೆಂದು ಸ್ಯಾಮುಯೆಲ್ ವೈಸ್‌ಮನ್ ತೋರಿಸಿದರು. ಇದಕ್ಕೆ ಆಂಟೆನಾ ಪರಿಣಾಮ ಎನ್ನುತ್ತಾರೆ. ಲೈಗ್ಯಾಂಡ್ ಮೊದಲು ಏಕಸ್ಥಿತಿ (ಸಿಂಗ್ಲೆಟ್) ಎಂಬ ಶಕ್ತಿಮಟ್ಟದಿಂದ ತ್ರಿಕಸ್ಥಿತಿ (ಟ್ರಿಪ್ಲೆಟ್) ಎಂಬ ಕೆಳಗಿನ ಮಟ್ಟಕ್ಕೆ ಇಳಿದು, ಅಲ್ಲಿಂದ ಲೋಹಕ್ಕೆ ಶಕ್ತಿಯನ್ನು ದಾಟಿಸುತ್ತದೆ. ತ್ರಿಕಸ್ಥಿತಿ ಲೋಹದ ಮಟ್ಟಕ್ಕಿಂತ ತುಸು ಎತ್ತರದಲ್ಲಿರಬೇಕು. ಬಹಳ ಹತ್ತಿರವಿದ್ದರೆ ಶಕ್ತಿ ಹಿಂದಕ್ಕೆ ಹರಿಯುತ್ತದೆ. ಬಹಳ ದೂರವಿದ್ದರೆ ದಾಟುವುದೇ ಕಷ್ಟ. ಟರ್ಬಿಯಂನ ಮಟ್ಟ ಯೂರೋಪಿಯಂನದಕ್ಕಿಂತ ಎತ್ತರ. ಆದ್ದರಿಂದ ಯೂರೋಪಿಯಂಗೆ ಹೊಂದುವ ಲೈಗ್ಯಾಂಡ್ ಟರ್ಬಿಯಂಗೂ ಹೊಂದುತ್ತದೆ ಎನ್ನುವಂತಿಲ್ಲ.

ಮೂರನೆಯ ದಾರಿಯಲ್ಲಿ ಎಲೆಕ್ಟ್ರಾನ್ ಲೋಹದಿಂದ ಲೈಗ್ಯಾಂಡಿಗೆ ಅಥವಾ ಲೈಗ್ಯಾಂಡಿನಿಂದ ಲೋಹಕ್ಕೆ ನೆಗೆದು, ಮರಳುವಾಗ ಬೆಳಕು ಬರುತ್ತದೆ. ಒಂದು ಧನ ವಿದ್ಯುದಂಶದ ತಾಮ್ರ ಮತ್ತು ಅಯೊಡೈಡ್ ಸೇರಿದ ಗೊಂಚಲುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೈಲುತುತ್ತಿನಲ್ಲಿರುವ, ಎರಡು ವಿದ್ಯುದಂಶದ ತಾಮ್ರ ಬೆಳಕನ್ನು ಆರಿಸುತ್ತದೆ. ಒಂದು ವಿದ್ಯುದಂಶದ ತಾಮ್ರದಲ್ಲಿ ಕವಚ ತುಂಬಿರುವುದರಿಂದ ಅದೇ ಲೋಹ ಬೆಳಕಿನ ಮೂಲವಾಗುತ್ತದೆ.

ತಯಾರಿಯ ವಿಧಾನಗಳು

ಕಾಗದದ ಮೇಲೆ ಬರೆದಾಗ ಈ ತಯಾರಿ ಬಲು ಸರಳ: ಲೋಹದ ಲವಣವೊಂದನ್ನೂ ಲೈಗ್ಯಾಂಡನ್ನೂ ಒಂದು ದ್ರಾವಕದಲ್ಲಿ ಸೇರಿಸುವುದು. ಮೊದಲ ಲೆಕ್ಕ ವಿದ್ಯುದಂಶದ್ದು. ಟರ್ಬಿಯಂ ಅಯಾನಿನಲ್ಲಿ ಮೂರು ಧನ ಅಂಶಗಳಿವೆ. ಟ್ರೈಮೆಸಿಕ್ ಆಮ್ಲದ ಮೂರು ಕಾರ್ಬಾಕ್ಸಿಲಿಕ್ ತುದಿಗಳು ತಮ್ಮ ಹೈಡ್ರೋಜನ್ ಬಿಟ್ಟುಕೊಟ್ಟು ಕಾರ್ಬಾಕ್ಸಿಲೇಟ್ ಆದರೆ ಮೂರು ಋಣ ಅಂಶಗಳು. ಒಂದಕ್ಕೊಂದು ಸರಿಹೋಗುತ್ತದೆ. ಎರಡು ಧನ ಅಂಶಗಳ ಸತುವಿಗೆ ಎರಡು ತುದಿಗಳ ಟೆರೆಫ್ತಾಲಿಕ್ ಆಮ್ಲ ಹೊಂದುತ್ತದೆ.

ಎರಡು ಬಿಸಿ ದ್ರಾವಣಗಳನ್ನು ಒಮ್ಮೆಲೇ ಬೆರೆಸಿದರೆ ಬಿಳಿ ಪ್ರಕ್ಷೇಪ ತಟ್ಟನೆ ಬೀಳುತ್ತದೆ. ಟರ್ಬಿಯಂನದಾದರೆ ನೇರಳಾತೀತ ದೀಪದಡಿ ಆ ಪುಡಿ ಎದ್ದು ಕಾಣುವ ಹಸಿರು. ಬೆಳಕಿಗೆ ಇಷ್ಟು ಸಾಕು, ರಚನೆ ತಿಳಿಯಲು ಸಾಲದು. ಅದಕ್ಕೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಗಾತ್ರದ, ಬಿರುಕಿಲ್ಲದ ಒಂಟಿ ಹರಳು ಬೇಕು. ಹರಳು ದೊಡ್ಡದಾಗಬೇಕಾದರೆ ಕ್ರಿಯೆ ನಿಧಾನವಾಗಬೇಕು. ನಿಧಾನಗೊಳಿಸುವ ಉಪಾಯಗಳೇ ಈ ಕ್ಷೇತ್ರದ ಕೈಚಳಕ.

ಒಂದು ಉಪಾಯ ಪದರ ವಿಧಾನ. ಸಪೂರವಾದ ಗಾಜಿನ ನಳಿಕೆಯ ತಳದಲ್ಲಿ ಭಾರವಾದ ದ್ರಾವಣ, ಮಧ್ಯೆ ಬರೀ ದ್ರಾವಕದ ಪದರ, ಮೇಲೆ ಹಗುರವಾದ ಇನ್ನೊಂದು ದ್ರಾವಣ. ಪದರಗಳು ಕಲಕದಂತೆ ಪಿಪೆಟ್ಟಿನಿಂದ ಗೋಡೆಗುಂಟ ಹನಿಹನಿಯಾಗಿ ಇಳಿಸಿ, ಬಾಯಿ ಮುಚ್ಚಿ, ಅಲುಗದ ಕಡೆ ಇಡುತ್ತಾರೆ. ಕೆಲವು ದಿನ ಅಥವಾ ವಾರಗಳಲ್ಲಿ ನಡುವಿನ ಪದರದ ಗೋಡೆಗೆ ಹರಳುಗಳು ಕಟ್ಟುತ್ತವೆ. ಇನ್ನೊಂದು ಜಲೋಷ್ಣ ವಿಧಾನ. ಟೆಫ್ಲಾನ್ ಬಟ್ಟಲಿನಲ್ಲಿ ಲವಣ, ಆಮ್ಲ, ನೀರು ಹಾಕಿ, ಅದನ್ನು ಉಕ್ಕಿನ ಪಾತ್ರೆಯೊಳಗಿಟ್ಟು ಬಿಗಿಯಾಗಿ ತಿರುಪಿ, 120ರಿಂದ 180 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಒಂದೆರಡು ದಿನ ಬಿಡುತ್ತಾರೆ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರಿ, ಸಾಮಾನ್ಯವಾಗಿ ಕರಗದ ಆಮ್ಲಗಳೂ ಕರಗುತ್ತವೆ. ನಿಧಾನವಾಗಿ ತಣಿಸಿದಾಗ ಹರಳು ಮೂಡುತ್ತದೆ. ನೀರಿನ ಬದಲು ಡಿಎಂಎಫ್ ಎಂಬ ದ್ರಾವಕ ಬಳಸಿದರೆ, ಕಾದಂತೆ ಅದರ ಸ್ವಲ್ಪ ಭಾಗ ಒಡೆದು ಡೈಮಿಥೈಲಮೀನ್ ಎಂಬ ಪ್ರತ್ಯಾಮ್ಲವನ್ನು ಬಿಡುತ್ತದೆ. ಅದು ಆಮ್ಲದಿಂದ ಹೈಡ್ರೋಜನ್‌ಗಳನ್ನು ಒಂದೊಂದಾಗಿ ಕೀಳುವುದರಿಂದ ಲೈಗ್ಯಾಂಡ್ ತಾನೇ ತಾನಾಗಿ, ನಿಧಾನವಾಗಿ ಸಿದ್ಧವಾಗುತ್ತದೆ. ಹೊರಗಿನಿಂದ ಕ್ಷಾರವನ್ನು ಒಮ್ಮೆಲೇ ಸುರಿದರೆ ಕೆಲಸ ಕೆಡುತ್ತದೆ: ವಿರಳ ಭಸ್ಮ ಲೋಹಗಳು ಹೈಡ್ರಾಕ್ಸೈಡ್ ಆಗಿ ಬಿದ್ದುಹೋಗುತ್ತವೆ.

ಕಡಿಮೆ ದ್ರಾವಕದಲ್ಲಿ ಲವಣ ಮತ್ತು ಆಮ್ಲವನ್ನು ಒಟ್ಟಿಗೆ ಅರೆಯುವ ವಿಧಾನವೂ ಇದೆ. ಮೈಕ್ರೋವೇವ್ ಮತ್ತು ಶ್ರವಣಾತೀತ ಅಲೆಗಳ ವಿಧಾನಗಳೂ ಬಳಕೆಯಲ್ಲಿವೆ. ಇವುಗಳಿಂದ ಹೆಚ್ಚು ಪುಡಿ ಬೇಗ ಸಿಗುತ್ತದೆ, ದೊಡ್ಡ ಹರಳು ಸಿಗುವುದಿಲ್ಲ.

ರಚನೆಯನ್ನು ಓದುವುದು

ಹರಳು ಸಿಕ್ಕ ಮೇಲೆ ಅದರೊಳಗಿನ ಪರಮಾಣುಗಳ ಸ್ಥಾನ ತಿಳಿಯುವುದು ಕ್ಷ-ಕಿರಣ ವಿವರ್ತನೆಯಿಂದ. ಕ್ಷ-ಕಿರಣದ ತರಂಗಾಂತರ ಪರಮಾಣುಗಳ ನಡುವಿನ ಅಂತರದಷ್ಟೇ ಚಿಕ್ಕದು. ಹರಳಿನ ಸಾಲುಗಳಿಗೆ ತಾಕಿದ ಕಿರಣಗಳು ಚುಕ್ಕಿಗಳ ವಿನ್ಯಾಸವಾಗಿ ಚದುರುತ್ತವೆ. ಚುಕ್ಕಿಗಳ ಜಾಗದಿಂದ ಹರಳಿನ ಮೂಲ ಘಟಕದ ಅಳತೆ, ಅವುಗಳ ತೀವ್ರತೆಯಿಂದ ಪರಮಾಣುಗಳ ಸ್ಥಾನ ಸಿಗುತ್ತದೆ. ಮೈಸೂರಿಗೆ ಈ ವಿದ್ಯೆ ಹೊಸದಲ್ಲ. ಕೇಂಬ್ರಿಜ್‌ನಲ್ಲಿ ಕ್ಷ-ಕಿರಣ ಸಂಶೋಧನೆ ಮಾಡಿದ್ದ ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದು, ಮುಂದೆ ದ್ರವ ಹರಳುಗಳ ಅಧ್ಯಯನದಲ್ಲಿ ಜಗತ್ತಿಗೇ ಹೆಸರಾದರು.

ರಚನೆಯನ್ನು ಮದುವೆ ಚಪ್ಪರದಂತೆ ನೋಡಬಹುದು: ಗಳುಗಳು ಲೈಗ್ಯಾಂಡ್‌ಗಳು, ಹಗ್ಗದ ಗಂಟುಗಳು ಲೋಹಗಳು. ಗಂಟಿನಲ್ಲಿ ಎಷ್ಟು ಗಳು ಯಾವ ದಿಕ್ಕಿಗೆ ಸೇರುತ್ತವೆ ಎಂಬುದರಿಂದ ಇಡೀ ಆಕಾರ ತೀರ್ಮಾನವಾಗುತ್ತದೆ. ಎಂಒಎಫ್-5ರ ಪ್ರತಿ ಗಂಟಿನಲ್ಲಿ ನಾಲ್ಕು ಸತು, ನಡುವೆ ಒಂದು ಆಮ್ಲಜನಕ. ಆರು ದಿಕ್ಕಿಗೂ ಟೆರೆಫ್ತಾಲೇಟ್ ಚಾಚಿಕೊಂಡು ಘನಾಕೃತಿಯ ಜಾಲವಾಗುತ್ತದೆ. ಟರ್ಬಿಯಂ ಮತ್ತು ಟ್ರೈಮೆಸಿಕ್ ಆಮ್ಲದ ಎಂಒಎಫ್-76ರಲ್ಲಿ ಪ್ರತಿ ಟರ್ಬಿಯಂಗೆ ಏಳು ನೆರೆಗಳು: ಆರು ಕಾರ್ಬಾಕ್ಸಿಲೇಟ್ ಆಮ್ಲಜನಕಗಳು, ಏಳನೆಯದು ದ್ರಾವಕದ್ದು. ನಡುವೆ ಚೌಕಾಕಾರದ ಉದ್ದನೆಯ ಸುರಂಗಗಳು.

ಆ ಏಳನೆಯ ನೆರೆ ಬೆಳಕಿನ ದೃಷ್ಟಿಯಿಂದ ಬಹಳ ಮುಖ್ಯ. ಅಲ್ಲಿ ನೀರು ಕುಳಿತಿದ್ದರೆ ಅದರ ಆಮ್ಲಜನಕ-ಹೈಡ್ರೋಜನ್ ಬಂಧದ ಕಂಪನ ಲೋಹದ ಶಕ್ತಿಯನ್ನು ಹೀರಿ ಬೆಳಕನ್ನು ಮಂಕುಗೊಳಿಸುತ್ತದೆ. ನೀರನ್ನು ತೆಗೆದರೆ ಹೊಳಪೂ ಅದರ ಅವಧಿಯೂ ಹೆಚ್ಚುತ್ತವೆ. ಸಾವಯವ ಅಣುವಿನ ಬೆಳಕು ಸಾಮಾನ್ಯವಾಗಿ ಸೆಕೆಂಡಿನ ಶತಕೋಟಿಯ ಕೆಲವೇ ಅಂಶಗಳಲ್ಲಿ ಮುಗಿದರೆ, ಯೂರೋಪಿಯಂ, ಟರ್ಬಿಯಂಗಳ ಬೆಳಕು ಸೆಕೆಂಡಿನ ಸಾವಿರದ ಒಂದು ಅಂಶದಷ್ಟು ಹೊತ್ತು ಇರಬಲ್ಲದು. ಈ ಅವಧಿಯನ್ನು ಅಳೆದು ಲೋಹದ ಪಕ್ಕದಲ್ಲಿ ಎಷ್ಟು ನೀರಿನ ಅಣುಗಳಿವೆ ಎಂದು ಅಂದಾಜು ಮಾಡಬಹುದು.

ಒಂಟಿ ಹರಳಿನ ಫಲಿತಾಂಶ ಇಡೀ ಪುಡಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಪುಡಿಯ ವಿವರ್ತನೆಯಿಂದ ತಾಳೆ ನೋಡುತ್ತಾರೆ. ಅವಕೆಂಪು ರೋಹಿತದಲ್ಲಿ ಆಮ್ಲದ, ಸೆಂಟಿಮೀಟರಿಗೆ 1,700 ಅಲೆಗಳ ಆಸುಪಾಸಿನ ಗೆರೆ ಮಾಯವಾಗಿದ್ದರೆ ಆಮ್ಲ ಲೋಹಕ್ಕೆ ಅಂಟಿದೆ ಎಂದರ್ಥ. ಕಾಯಿಸುತ್ತಾ ತೂಕ ನೋಡಿದರೆ ದ್ರಾವಕ ಯಾವ ಉಷ್ಣತೆಯಲ್ಲಿ ಹೋಗುತ್ತದೆ, ಚೌಕಟ್ಟು ಯಾವಾಗ ಕುಸಿಯುತ್ತದೆ ಎಂಬುದು ಗೊತ್ತಾಗುತ್ತದೆ.

ಬೆಂಗಳೂರಿನ ಮ್ಯಾಗ್ನೀಸಿಯಂ ಚೌಕಟ್ಟು

ಕರ್ನಾಟಕದಲ್ಲಿ ಈ ಕೆಲಸದ ಎರಡು ಕೇಂದ್ರಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಎರಡರ ಹಿಂದೆಯೂ ಮೈಸೂರು ವಿಶ್ವವಿದ್ಯಾಲಯದ ಪದವೀಧರ ಸಿ.ಎನ್.ಆರ್. ರಾವ್ ಅವರ ಶ್ರಮವಿದೆ. ತೆರೆದ ರಚನೆಯ ಲೋಹ ಕಾರ್ಬಾಕ್ಸಿಲೇಟ್‌ಗಳ ಬಗ್ಗೆ ರಾವ್, ಎಸ್. ನಟರಾಜನ್ ಮತ್ತು ಆರ್. ವೈದ್ಯನಾಥನ್ 2004ರಲ್ಲಿ ಬರೆದ ಸಮೀಕ್ಷೆ ಈ ಕ್ಷೇತ್ರದ ಮೊದಲ ದೊಡ್ಡ ಸಮೀಕ್ಷೆಗಳಲ್ಲಿ ಒಂದು.

ಜಕ್ಕೂರಿನ ಕೇಂದ್ರದ ತಪಸ್ ಕುಮಾರ್ ಮಾಜಿ ಕ್ಯೋಟೋದಲ್ಲಿ ಕಿಟಗಾವ ಅವರ ಜೊತೆ ಕೆಲಸ ಮಾಡಿ ಬಂದವರು. 2019ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಪಡೆದರು. ಅವರ ತಂಡ 2010ರಲ್ಲಿ ಮ್ಯಾಗ್ನೀಸಿಯಂ ಮತ್ತು ಡೈಹೈಡ್ರಾಕ್ಸಿ ಟೆರೆಫ್ತಾಲಿಕ್ ಆಮ್ಲದಿಂದ ಒಂದು ಚೌಕಟ್ಟನ್ನು ಕಟ್ಟಿತು. ಒಂದು ಮ್ಯಾಗ್ನೀಸಿಯಂಗೆ ಒಂದು ಲೈಗ್ಯಾಂಡ್, ಎರಡು ಡಿಎಂಎಫ್ ಎಂಬುದು ಅದರ ಲೆಕ್ಕ. ಎಲೆಯಲ್ಲಿರುವಂತೆಯೇ ಇಲ್ಲಿಯೂ ಮ್ಯಾಗ್ನೀಸಿಯಂ ಹಿಡಿದು ನಿಲ್ಲಿಸುತ್ತದೆ, ಬೆಳಗುವುದು ಲೈಗ್ಯಾಂಡ್. ಲೈಗ್ಯಾಂಡಿನ ಹೈಡ್ರಾಕ್ಸಿಲ್ ತುದಿ ಕಾರ್ಬಾಕ್ಸಿಲೇಟಿನ ಪಕ್ಕದಲ್ಲಿಯೇ ಇದೆ. ಬೆಳಕು ಹೀರಿದ ಕ್ಷಣದಲ್ಲಿ ಅಲ್ಲಿನ ಪ್ರೋಟಾನ್ ಪಕ್ಕದ ಆಮ್ಲಜನಕಕ್ಕೆ ಜಿಗಿಯುತ್ತದೆ. ಹಾಗೆ ಮಾರ್ಪಟ್ಟ ಅಣು ಇನ್ನಷ್ಟು ಉದ್ದದ ತರಂಗಾಂತರದಲ್ಲಿ ಬೆಳಗುತ್ತದೆ. ಎಷ್ಟು ಅಣುಗಳು ಹೀಗೆ ಮಾರ್ಪಡುತ್ತವೆ ಎಂಬುದು ರಂಧ್ರದೊಳಗಿನ ದ್ರಾವಕವನ್ನು ಅವಲಂಬಿಸಿದೆ. ಹೀಗಾಗಿ ದ್ರಾವಕ ಬದಲಿಸಿದರೆ ಹರಳಿನ ಬಣ್ಣ ಬದಲಾಗುತ್ತದೆ.

ಅದೇ ತಂಡ 2012ರಲ್ಲಿ ಇಂಥದೇ ಚೌಕಟ್ಟಿನ ರಂಧ್ರಗಳಲ್ಲಿ ಬಾಗಿಲು ತೆರೆದಂತಿರುವ ಹೈಡ್ರಾಕ್ಸಿಲ್‌ಗಳು ತಾಮ್ರದ ಅಯಾನುಗಳನ್ನು ಆಯ್ದು ಹಿಡಿಯುತ್ತವೆಂದು ತೋರಿಸಿತು. ತಾಮ್ರ ಒಳಸೇರಿದಂತೆ ಬೆಳಕು ಕುಗ್ಗುತ್ತದೆ. ಹೊಳಪು ಎಷ್ಟು ಇಳಿಯಿತೆಂದು ಅಳೆದರೆ ದ್ರಾವಣದಲ್ಲಿ ತಾಮ್ರವೆಷ್ಟಿದೆ ಎಂಬುದು ತಿಳಿಯುತ್ತದೆ. ಕ್ಲೋರೋಫಿಲ್‌ನ ಹೊಳಪನ್ನು ಆರಿಸುವ ತಾಮ್ರದ ಗುಣ ಇಲ್ಲಿ ಅಳತೆಗೋಲಾಗಿದೆ. ಮುಂದಿನ ವರ್ಷಗಳಲ್ಲಿ ಈ ತಂಡ ಹರಳಿನ ಬದಲು ಜೆಲ್ ರೂಪದ, ಬಳಿಯಬಹುದಾದ ಕೋಆರ್ಡಿನೇಶನ್ ಪಾಲಿಮರ್‌ಗಳನ್ನೂ ತಯಾರಿಸಿತು. ಅವುಗಳಲ್ಲಿಯೂ ಬಣ್ಣವನ್ನು ಬೇಕಾದಂತೆ ಹೊಂದಿಸಬಹುದು.

ಉಪಯೋಗ ಮತ್ತು ಮಿತಿ

ಟಿಎನ್‌ಟಿ, ಪಿಕ್ರಿಕ್ ಆಮ್ಲದಂಥ ನೈಟ್ರೋ ಸ್ಫೋಟಕಗಳು ಲೈಗ್ಯಾಂಡಿನಿಂದ ಎಲೆಕ್ಟ್ರಾನ್ ಕಸಿದು ಬೆಳಕನ್ನು ಆರಿಸುತ್ತವೆ. ಪಿಕ್ರಿಕ್ ಆಮ್ಲವನ್ನು ಆಯ್ದು ಗುರುತಿಸುವ ಕ್ಯಾಡ್ಮಿಯಂ ಚೌಕಟ್ಟನ್ನು ಪುಣೆಯ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಯೂರೋಪಿಯಂ ಮತ್ತು ಟರ್ಬಿಯಂಗಳನ್ನು ಒಂದೇ ಹರಳಿನಲ್ಲಿ ಬೆರೆಸಿದರೆ ಉಷ್ಣತೆ ಏರಿದಂತೆ ಹಸಿರು ಕುಗ್ಗಿ ಕೆಂಪು ಹೆಚ್ಚುತ್ತದೆ. ಎರಡರ ಅನುಪಾತವೇ ಉಷ್ಣಮಾಪಕ. 2012ರಲ್ಲಿ ಇಂಥದೊಂದು ಪ್ರಕಟವಾಯಿತು. ಕೆಂಪು, ಹಸಿರು, ನೀಲಿಗಳನ್ನು ಹದವಾಗಿ ಬೆರೆಸಿ ಬಿಳಿ ಬೆಳಕು ಪಡೆಯುವ ಪ್ರಯತ್ನಗಳೂ ನಡೆದಿವೆ.

ತೊಡಕುಗಳೂ ಇವೆ. ಎಂಒಎಫ್-5 ಸೇರಿದಂತೆ ಹಲವು ಚೌಕಟ್ಟುಗಳು ತೇವಕ್ಕೆ ಕುಸಿಯುತ್ತವೆ. ಯೂರೋಪಿಯಂ, ಟರ್ಬಿಯಂ ದುಬಾರಿ. ಕ್ಯಾಡ್ಮಿಯಂ ವಿಷ. ಬೆಳಕು ಆರಿತೆಂದ ಮಾತ್ರಕ್ಕೆ ಆರಿಸಿದ್ದು ತಾಮ್ರವೇ ಎನ್ನಲಾಗದು. ಕಬ್ಬಿಣವೂ ಅದೇ ಕೆಲಸ ಮಾಡಬಲ್ಲದು. ಹೊಲದ ಕಾಲುವೆಯ ನೀರಿನಲ್ಲಿ ಮಣ್ಣು, ಲವಣ, ಕೊಳೆತ ಎಲೆಯ ಸಾರ ಎಲ್ಲವೂ ಇರುತ್ತವೆ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ನಿಖರವಾಗಿ ಹೇಳುವ ಪುಡಿ ಅಲ್ಲಿಯೂ ಹಾಗೆಯೇ ಹೇಳುತ್ತದೆಂದು ಪರೀಕ್ಷಿಸದೆ ನಂಬಬಾರದು. ನೀರಿನಲ್ಲಿ ಬಾಳುವ, ಅಗ್ಗದ ಲೋಹದಿಂದ ತಯಾರಾಗುವ, ಒಂದೇ ವಸ್ತುವನ್ನು ಗುರುತಿಸಿ ಮತ್ತೆ ಮತ್ತೆ ಬಳಸಲು ಬರುವ ಚೌಕಟ್ಟು ಮಾತ್ರ ಪ್ರಯೋಗಾಲಯದಿಂದ ಹೊಲಕ್ಕೆ ಬರಬಲ್ಲದು. ಮ್ಯಾಗ್ನೀಸಿಯಂ, ಸತುಗಳಂಥ ಸಾಮಾನ್ಯ ಲೋಹಗಳ ಮೇಲಿನ ಕೆಲಸಕ್ಕೆ ಹೆಚ್ಚಿನ ಬೆಲೆ ಇರುವುದು ಈ ಕಾರಣಕ್ಕೆ.